ಆ ಊರಿನಲ್ಲಿ ಇನ್ನೇನಿದೆ?

ಕಳೆದ ವೈಶಾಖದಲ್ಲಿ ಚಳ್ಳಕೆರೆಯ ಕಲ್ಯಾಣಮಂಟಪವೊಂದರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಎದುರಾದ. ಸುಮಾರು ಮೂವತ್ತು ವರ್ಷಗಳ ಹಿಂದೆ ಮೊದಲ ಬೆಂಚಿನಲ್ಲಿ ಕುಳಿತು, ನಾನು ಪ್ರಶ್ನೆ ಮುಗಿಸುವ ಮುನ್ನವೇ ಕೈ ಎತ್ತುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಬೇಡವೆಂದರೂ ಬಗ್ಗಿ ಕಾಲಿಗೆ ನಮಸ್ಕರಿಸಿ, ಪಂಕ್ತಿಯಲ್ಲಿ ಪಕ್ಕಕ್ಕೇ ಬಂದು ಕುಳಿತ. ಮಾತಿನ ನಡುವೆ ಕೇಳಿದ: "ಸಾರ್, ಇನ್ನೂ ಅಲ್ಲೇ ಇದ್ದೀರಾ? ಆ ಊರಾಗೆ ಇನ್ನೇನೈತೆ ಸಾರ್? ಮನೆ ಯಾರಿಗಾದ್ರೂ ಕೊಟ್ಟು ಮಗನ ಹತ್ರ ಹೋಗಿಬಿಡಿ."

ಅವನ ಮಾತಿನಲ್ಲಿ ಪ್ರೀತಿಯಿತ್ತು, ತಿರಸ್ಕಾರವಿರಲಿಲ್ಲ. ಆದರೂ ನನಗೆ ಉತ್ತರ ಹೊಳೆಯಲಿಲ್ಲ. ಪಾಯಸ ಬಂತು, ಮಾತು ಬೇರೆಡೆಗೆ ಹೊರಳಿತು. ಮೂರು ದಶಕಗಳಿಗೂ ಮಿಕ್ಕಿ ಮಕ್ಕಳಿಗೆ ಪ್ರಶ್ನೆ ಕೇಳಿ ಉತ್ತರ ಬಾರದಿದ್ದಾಗ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅಂದು ಯಾರಾದರೂ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರೆ ಅದು ನ್ಯಾಯವೇ ಆಗುತ್ತಿತ್ತು. ತಡವಾಗಿಯಾದರೂ ಆ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ಹಳ್ಳಿಯೆಂದರೆ ಸ್ವರ್ಗ, ಪಟ್ಟಣವೆಂದರೆ ನರಕ ಎಂದು ಬರೆಯುವ ಪೈಕಿ ನಾನಲ್ಲ. ಹಾಗೆ ಬರೆಯುವವರಲ್ಲಿ ಹೆಚ್ಚಿನವರು ಹಳ್ಳಿಯನ್ನು ಬಿಟ್ಟು ಬಹಳ ಕಾಲವಾದವರು. ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಬದುಕು ಕಠಿಣವಾದದ್ದು. ವರ್ಷಕ್ಕೆ 450ರಿಂದ 500 ಮಿಲಿಮೀಟರ್ ಮಳೆ, ಅದೂ ಬಂದರೆ ಬಂತು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ನನ್ನ ತರಗತಿಗಳಲ್ಲಿ ಕಲೆಬಿದ್ದ ಹಲ್ಲಿನ ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದುದನ್ನು ನಾನು ಮರೆತಿಲ್ಲ. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸಿ, ಕಾರಣ ಹೇಳಲಾಗದೆ ತಲೆತಗ್ಗಿಸಿ ನಿಲ್ಲುತ್ತಿದ್ದ ಹುಡುಗಿಯರು ಊರು ಬಿಟ್ಟು ಹೋದರೆ ಅವರನ್ನು ಹಳಿಯುವ ಹಕ್ಕು ನನಗಿಲ್ಲ. ಊರಿನ ತಪ್ಪು ಊರಿನದೇ. ಅದನ್ನು ಸರ್ಕಾರದ ಮೇಲೆ ಹೊರಿಸಲಾಗದು.

ಆದರೆ "ಇನ್ನೇನಿದೆ" ಎಂಬ ಮಾತು ಈ ಕಷ್ಟಗಳ ಪಟ್ಟಿಯಲ್ಲ. ಅದೊಂದು ತೀರ್ಪು. ಈ ಊರು ಬರಡು, ಹುಟ್ಟಿನಿಂದಲೇ ಬರಡು, ಇಲ್ಲಿಂದ ಯಾರೂ ಏನನ್ನೂ ಕಸಿದುಕೊಂಡಿಲ್ಲ, ಇದರ ಗತಿಯೇ ಇಷ್ಟು ಎಂಬ ತೀರ್ಪು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ.

ಸಮಾಜ ವಿಜ್ಞಾನದ ಮೇಷ್ಟ್ರಾದ್ದರಿಂದ ಮೊದಲು ಚರಿತ್ರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಎಡೆಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಚಕ್ರವರ್ತಿಯ ಮಾತು ತಲುಪಬೇಕಾದ ಊರುಗಳಲ್ಲಿ ನಮ್ಮದೂ ಒಂದು ಎಂದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಪಾಟಲಿಪುತ್ರಕ್ಕೆ ಗೊತ್ತಿತ್ತು. ಇತ್ತ ಚಳ್ಳಕೆರೆ ತಾಲ್ಲೂಕಿನ ತಳುಕಿಗೆ ಬನ್ನಿ. ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲಕ್ಷರ ಈ ಊರಿನದು. ಕುವೆಂಪು ಅವರು ತಮ್ಮ ರಾಮಾಯಣ ದರ್ಶನವನ್ನು ಅರ್ಪಿಸಿದ್ದು ಈ ಗುರುವಿಗೆ. ತ.ರಾ.ಸು. ಅವರ 'ತ' ಅಕ್ಷರವೂ ಅದೇ ತಳುಕು.

ಇದನ್ನೆಲ್ಲ ಹೇಳುವುದು ಹೆಮ್ಮೆಗಾಗಿ ಅಲ್ಲ. ಅಜ್ಜನ ಕಾಲದ ಹೋಳಿಗೆ ನೆನೆದರೆ ಮೊಮ್ಮಗನ ಹಸಿವು ಇಂಗುವುದಿಲ್ಲ. ಹೊಟ್ಟೆಯ ಮಾತಿಗೇ ಬರೋಣ.

ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಚಳ್ಳಕೆರೆಯನ್ನು ಎಣ್ಣೆ ನಗರಿ ಎನ್ನುತ್ತಿದ್ದರು. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿಯನ್ನು ಬಿಟ್ಟರೆ ಇದೇ ಎಂದು ಹಿರಿಯರು ಬೀಗುತ್ತಿದ್ದರು. ಬಸ್ಸಿನಿಂದ ಇಳಿದ ಕೂಡಲೇ ಗಿರಣಿಗಳ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸುತ್ತಿನ ಹಳ್ಳಿಗಳ ಶೇಂಗಾ ಗಾಡಿಗಟ್ಟಲೆ ಬಂದು ಬೀಳುತ್ತಿತ್ತು. ಅದೇ ಕೆಂಪು ನೆಲ, ಅದೇ ಕಡಿಮೆ ಮಳೆ. ಈಗ ಬರಡು ಎನಿಸಿಕೊಂಡ ಭೂಮಿಯೇ ಒಂದು ಪಟ್ಟಣವನ್ನು ಸಾಕುತ್ತಿತ್ತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಬಹುಮಟ್ಟಿಗೆ ಸ್ವಾವಲಂಬಿಯಾಯಿತು. ಬಳಿಕ 1994ರಲ್ಲಿ ಪಾಮೋಲಿನ್ ಎಣ್ಣೆಯ ಆಮದಿಗೆ ಬಾಗಿಲು ತೆರೆದರು. ಮರುವರ್ಷ ಉಳಿದ ಎಣ್ಣೆಗಳಿಗೂ ತೆರೆದರು. ಹಡಗಿನಲ್ಲಿ ಬಂದ ಅಗ್ಗದ ಎಣ್ಣೆಯ ಮುಂದೆ ನಮ್ಮ ಶೇಂಗಾ ಎಣ್ಣೆ ನಿಲ್ಲಲಾರದೆ ಹೋಯಿತು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂದು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಬರಗಾಲ, ಎಲೆಚುಕ್ಕೆ ರೋಗ, ಹಳೆಯ ಯಂತ್ರಗಳು, ಎಲ್ಲವೂ ತಮ್ಮ ಪಾಲಿನ ಪೆಟ್ಟು ಕೊಟ್ಟವು, ನಿಜ. ಆದರೆ ಬರಗಾಲ ನಮಗೆ ಹೊಸದಲ್ಲ. ಹೊಸದಾಗಿ ಬಂದದ್ದು ದಿಲ್ಲಿಯ ಒಂದು ಸಹಿ.

ಆ ತಾಳೆ ಎಣ್ಣೆಯ ಬಹುಪಾಲು ಎಲ್ಲಿಂದ ಬರುತ್ತದೆ? ಇಂಡೋನೇಷ್ಯದ ಸುಮಾತ್ರ, ಕಾಲಿಮಂತನ್ ಮುಂತಾದ ದ್ವೀಪ ಭಾಗಗಳಿಂದ. ಅಲ್ಲಿ ಕಾಡು ಕಡಿದು ತಾಳೆ ತೋಟ ಮಾಡಿದರು. ಅಲ್ಲಿನ ಸಣ್ಣ ಬೆಳೆಗಾರ ಕೊಯ್ದ ಹಣ್ಣಿನ ಗೊನೆಯನ್ನು ಬೇಗ ಗಿರಣಿಗೆ ಸಾಗಿಸಬೇಕು. ಇಲ್ಲದಿದ್ದರೆ ಅದು ಕೆಡುತ್ತದೆ. ಆದ್ದರಿಂದ ಗಿರಣಿ ಹೇಳಿದ ಬೆಲೆಗೆ ಅವನು ತಲೆಬಾಗಬೇಕು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯ ಸರ್ಕಾರ ಮೂರು ವಾರಗಳಿಗೂ ಹೆಚ್ಚು ಕಾಲ ತಾಳೆ ಎಣ್ಣೆಯ ರಫ್ತು ನಿಲ್ಲಿಸಿದಾಗ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಎಣ್ಣೆ ತುಟ್ಟಿಯಾಯಿತು. ಅದೇ ದಿನಗಳಲ್ಲಿ ಅಲ್ಲಿನ ಬೆಳೆಗಾರನ ಹಣ್ಣಿನ ಬೆಲೆ ಕುಸಿದುಬಿತ್ತು. ಪತ್ರಿಕೆಯಲ್ಲಿ ಇದನ್ನೋದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದೇ ಆಜ್ಞೆಯಿಂದ ಎರಡು ಸಮುದ್ರಗಳಾಚೆಯ ಎರಡು ಹಳ್ಳಿಗಳು ಏಕಕಾಲಕ್ಕೆ ಪೆಟ್ಟು ತಿಂದಿದ್ದವು, ಎರಡು ಹಳ್ಳಿಗಳನ್ನೂ ಯಾರೂ ಒಂದು ಮಾತು ಕೇಳಿರಲಿಲ್ಲ. ಆ ದ್ವೀಪದ ಹಳ್ಳಿಯಲ್ಲಿಯೂ ಪಟ್ಟಣ ಸೇರಿದ ಯಾವನೋ ಒಬ್ಬ ಶಿಷ್ಯ ತನ್ನ ಮುದಿ ಮೇಷ್ಟ್ರಿಗೆ "ಆ ಊರಿನಲ್ಲಿ ಇನ್ನೇನಿದೆ" ಎಂದು ಕೇಳುತ್ತಿರಬಹುದು.

ಎರಡನೆಯದು, ಕಾವಲಿನ ಮಾತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಇಲಾಖೆಯ ರಾಸುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು ಇವು. ರಾಜರು ಹೋದರು, ಕಾವಲು ಉಳಿಯಿತು. ಸುತ್ತಿನ ಹಳ್ಳಿಗಳ ದನ, ಕುರಿ, ಮ್ಯಾಸಬೇಡರ ದೇವರ ಎತ್ತುಗಳು, ಎಲ್ಲಕ್ಕೂ ಅದೇ ಆಸರೆ. ಉಣ್ಣೆ ಕತ್ತರಿಸಿ ನೂತು ಕಂಬಳಿ ನೇಯುವ ಮನೆಗಳಿಗೂ ಅದೇ ಮೂಲ. ಹೊಲದಲ್ಲಿ ಬೆಳೆ ಕೈಕೊಟ್ಟ ವರ್ಷ ಕುರಿ ಕೈಹಿಡಿಯುತ್ತಿತ್ತು. ನಮ್ಮ ಸೀಮೆಯ ಬಡವನ ಪಾಲಿಗೆ ಬ್ಯಾಂಕೆಂದರೆ ಕಾವಲೇ.

2007ರಿಂದ ಕೆಲವೇ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಇಂಥ ಸುಮಾರು ಹತ್ತು ಸಾವಿರ ಎಕರೆ ಹಂಚಿಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಉಳಿದದ್ದರಲ್ಲಿ ಸೌರವಿದ್ಯುತ್ ಕಂಪನಿಗೂ ಪಾಲು ಸಿಕ್ಕಿತು. ದೊಡ್ಡ ಉಳ್ಳಾರ್ತಿ, ಕುದಾಪುರದ ಸುತ್ತಿನ ಜನಕ್ಕೆ ವಿಷಯ ಮನದಟ್ಟಾದದ್ದು ಗೋಡೆ ಏಳತೊಡಗಿದಾಗ. ಜನ ಬೀದಿಗಿಳಿದರು. ಪ್ರಕರಣ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿ 2014ರ ಆಗಸ್ಟ್‌ನಲ್ಲಿ ಆದೇಶವೂ ಆಯಿತು. ಗೋಡೆ ಮಾತ್ರ ನಿಂತೇ ಇದೆ.

ನಾನು ವಿಜ್ಞಾನದ ವಿರೋಧಿಯೆಂದು ದಯವಿಟ್ಟು ಯಾರೂ ಭಾವಿಸಬೇಡಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿದಾಗ ನಾನೂ ಟಿ.ವಿ. ಮುಂದೆ ಕುಳಿತು ಕಣ್ಣೊರೆಸಿಕೊಂಡವನೇ. ಅದರ ಉಪಕರಣಗಳ ಪರೀಕ್ಷೆಗೆಂದು ಚಂದ್ರನ ಮೇಲಿನಂತಹ ಕುಳಿಗಳನ್ನು ತೋಡಿದ್ದು ನಮ್ಮ ಉಳ್ಳಾರ್ತಿ ಕಾವಲಿನಲ್ಲಿ. ಮರುಬಳಕೆಯ ವಿಮಾನದ ಮಾದರಿಯನ್ನು 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ ಇಳಿಸಿ ನೋಡಿದ್ದೂ ಇಲ್ಲಿಯ ರನ್‌ವೇ ಮೇಲೆ. ಕುದಾಪುರದ ಆವರಣದಲ್ಲಿ ವಿಜ್ಞಾನ ಸಂಸ್ಥೆಯವರು ಶಾಲಾ ಶಿಕ್ಷಕರಿಗೆ ತರಬೇತಿ ನೀಡುತ್ತಾ ಬಂದಿದ್ದಾರೆ. ಅದು ನಿಜಕ್ಕೂ ಒಳ್ಳೆಯ ಕೆಲಸ. ನನ್ನ ತಕರಾರು ಒಂದೇ. ದೇಶಕ್ಕೆ ಸಾವಿರಾರು ಎಕರೆ ಬೇಕಾದಾಗ ಈ ಊರಿನಲ್ಲಿ ಎಲ್ಲವೂ ಇತ್ತು: ವಿಶಾಲವಾದ ಬಯಲು, ನಿರ್ಮಲವಾದ ಆಕಾಶ, ಎದುರಾಡದ ಜನ. ಅದೇ ಊರಿನ ಹುಡುಗ ಕೆಲಸ ಕೇಳಿದಾಗ, ಹುಡುಗಿ ಕಾಲೇಜಿಗೆ ಹೋಗಲು ಬಸ್ಸು ಕೇಳಿದಾಗ ಮಾತ್ರ "ಅಲ್ಲಿ ಏನಿದೆ" ಎಂಬ ಉತ್ತರ. ಕೊಡುವಾಗ ಬರಡು, ತೆಗೆದುಕೊಳ್ಳುವಾಗ ಭಂಡಾರ. ಈ ಲೆಕ್ಕ ಯಾವ ಗಣಿತದ ಮೇಷ್ಟ್ರಿಗೂ ಬಿಡಿಸಲಾಗದು.

ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಮಾಡಿದವರಿಗೆ ಮಾಡಿದಷ್ಟು ನೀಡು ಎಂದು ಕಲಿಸಿದವರು. ಬರೀ ಕಲಿಸಲಿಲ್ಲ, ಕೂಲಿಗೆ ಜನ ಕೂಡಿಸಿ ಕೆರೆ ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುತ್ತಾರೆ. ಆ ಮಾತನ್ನು ಒಪ್ಪುವುದಾದರೆ, ಕೊಟ್ಟವರಿಗೆ ಕೊಟ್ಟಷ್ಟಾದರೂ ಹಿಂದಿರುಗಬೇಡವೇ?

ಮೊಳಕಾಲ್ಮುರಿನ ರೇಷ್ಮೆ ಸೀರೆಯದೂ ಇದೇ ಕಥೆ. ಕುಣಿಮಗ್ಗದಲ್ಲಿ ಕಾಲಿಳಿಸಿ ಕುಳಿತು, ಅಂಚಿನ ಬಣ್ಣವೂ ಒಡಲಿನ ಬಣ್ಣವೂ ಒಂದಕ್ಕೊಂದು ಬೆರೆಯದಂತೆ ಬೇರೆ ಬೇರೆ ಲಾಳಿಗಳಿಂದ ಹೊಕ್ಕು ಹಾಯಿಸಿ ನೇಯುವ ಕೈಗಳು ನಮ್ಮಲ್ಲಿವೆ. ಆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಆದರೆ ವಿದ್ಯುತ್ ಮಗ್ಗದ ನಕಲು ಅದೇ ಹೆಸರಿನಲ್ಲಿ ಮಾರಾಟವಾದರೆ ಕೇಳುವವರಿಲ್ಲ. ರೇಷ್ಮೆ ನೂಲಿನ ಬೆಲೆ ಏರಿದಾಗ ನೇಕಾರನ ಕೂಲಿ ಏರುವುದಿಲ್ಲ. ನೇಕಾರನ ಮಗ ಮಗ್ಗದಿಂದ ಎದ್ದು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗಿ ಗುಂಡಿ ಹೊಲಿಯುತ್ತಾನೆ. ಇದಕ್ಕೆ ನಾವು ಪ್ರಗತಿ ಎನ್ನುತ್ತೇವೆ. ವೀಣೆ ನುಡಿಸುವವನನ್ನು ತಮಟೆ ಹೊರಲು ಕಳಿಸಿ, ಅವನಿಗೊಂದು ಕೆಲಸ ಸಿಕ್ಕಿತೆಂದು ಸಂತೋಷಪಟ್ಟಂತೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ.

ನನ್ನ ತರಗತಿಯಲ್ಲಿ ಕುರಿಗಾಹಿಯ ಮಗನೊಬ್ಬನಿದ್ದ. ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಪಠ್ಯದ ಸಾಲು ಓದುವಾಗ ತಡವರಿಸುತ್ತಿದ್ದ. ಆದರೆ ಯಾವ ಹುಲ್ಲು ತಿಂದರೆ ಕುರಿಯ ಹೊಟ್ಟೆ ಉಬ್ಬುತ್ತದೆ, ಯಾವ ಗಾಳಿ ಬೀಸಿದರೆ ಮಳೆ ಮುಂದಕ್ಕೆ ಹೋಗುತ್ತದೆ, ಯಾವ ಹಳ್ಳದಲ್ಲಿ ಎಷ್ಟು ಅಗೆದರೆ ಒರತೆ ಸಿಗುತ್ತದೆ ಎಂಬುದು ಆ ಹನ್ನೆರಡು ವರ್ಷದ ಹುಡುಗನಿಗೆ ಕರತಲಾಮಲಕ. ನಾನು ಅದನ್ನು ಒಂದು ದಿನವೂ ಕೇಳಲಿಲ್ಲ. ನಕ್ಷೆಯಲ್ಲಿ ವೋಲ್ಗಾ ನದಿಯನ್ನು ತೋರಿಸಲಾರದೆ ನಿಂತಾಗ ಇಡೀ ತರಗತಿಯೆದುರು ಅಂದೆ: "ನೀನು ಕುರಿ ಕಾಯೋಕೇ ಲಾಯಕ್ಕು, ಹೋಗು." ಮಕ್ಕಳು ನಕ್ಕರು. ಅವನು ಹೋದ. ಮರುದಿನ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕುರಿಯನ್ನೂ ಬಹಳ ಕಾಲ ಕಾಯಲಿಲ್ಲ. ಈಗ ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಗೇಟು ಕಾಯುತ್ತಾನೆ.

ಬ್ರಹ್ಮಗಿರಿಯ ಶಾಸನದಲ್ಲಿ ಶಿಷ್ಯನು ಗುರುವನ್ನು ಗೌರವಿಸಬೇಕೆಂಬ ಆದೇಶವಿದೆ. ಪ್ರತಿ ವರ್ಷ ಆ ಪಾಠ ಮಾಡುವಾಗ ಎದೆಯುಬ್ಬಿಸಿ ಹೇಳುತ್ತಿದ್ದೆ. ಗುರುವು ಶಿಷ್ಯನನ್ನು ಗೌರವಿಸಬೇಕೆಂಬ ಸಾಲನ್ನೂ ಅಶೋಕ ಬರೆಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿವೃತ್ತನಾದ ಮೇಲೆ ಅನಿಸುತ್ತಿದೆ.

ಅದು ನನ್ನೊಬ್ಬನ ಬೈಗುಳವಲ್ಲ. ಕುರಿ ಕಾಯುವುದು, ಮಗ್ಗ ನೇಯುವುದು, ಹೊಲ ಉಳುವುದು ದಡ್ಡರ ಕೆಲಸ ಎಂದು ನಾವು ಮೇಷ್ಟ್ರುಗಳು ಎರಡು ತಲೆಮಾರಿಗೆ ಕಲಿಸಿದೆವು. ಚೆನ್ನಾಗಿ ಓದಿದವನಿಗೆ ಬಹುಮಾನ ಊರು ಬಿಡುವುದು, ಓದದವನಿಗೆ ಶಿಕ್ಷೆ ಊರಿನಲ್ಲಿ ಉಳಿಯುವುದು. ಹೀಗೆ ಕಲಿಸಿದ ಮೇಲೆ ಉಳಿದವನು ತನ್ನ ಊರನ್ನು ಪ್ರೀತಿಸಲಿ ಎಂದರೆ ಹೇಗೆ? ಕಲ್ಯಾಣಮಂಟಪದಲ್ಲಿ ನನ್ನ ಶಿಷ್ಯ ಕೇಳಿದ ಪ್ರಶ್ನೆ ಅವನ ಸ್ವಂತದ್ದಲ್ಲ. ನಾನು ಕಲಿಸಿದ ಪಾಠವನ್ನೇ ಅವನು ಒಪ್ಪಿಸಿದ. ಮೊದಲ ಬೆಂಚಿನ ಹುಡುಗನಲ್ಲವೇ!

ಇಲ್ಲಿ ಒಂದು ಆಕ್ಷೇಪ ಬರುತ್ತದೆಂದು ಬಲ್ಲೆ. ಬೆಂಗಳೂರಿನ ಕೂಲಿಯಿಂದಲೇ ಇವತ್ತು ಹಳ್ಳಿಯ ಒಲೆ ಉರಿಯುತ್ತಿದೆ, ಹೋಗಬೇಡಿ ಎನ್ನಲು ನೀವು ಯಾರು, ಪಿಂಚಣಿ ಬರುವವರಿಗೆ ಹೇಳುವುದು ಸುಲಭ ಎಂದು. ಒಪ್ಪುತ್ತೇನೆ. ಪಟ್ಟಣದ ದುಡಿಮೆ ಎಷ್ಟೋ ಮನೆಗಳ ಸಾಲ ತೀರಿಸಿದೆ. ಜಾತಿಯ ಕೀಳರಿಮೆಯಿಂದ, ಹಟ್ಟಿಯ ಕಟ್ಟುಪಾಡುಗಳಿಂದ ಎಷ್ಟೋ ಜನರನ್ನು ಬಿಡಿಸಿದೆ. ಹೋಗುವವರಿಗೆ ಹೋಗುವ ಸ್ವಾತಂತ್ರ್ಯವಿರಲಿ. ನಾನು ಕೇಳುವುದು ಉಳಿಯುವ ಸ್ವಾತಂತ್ರ್ಯವನ್ನು. ಯುಗಾದಿಗೆ ಬಂದು, ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬಂದು, ಮೂರು ದಿನ ಇದ್ದು, ಮುದಿ ತಾಯಿಯನ್ನು ಬಿಟ್ಟು ಹೊರಡುವಾಗ ಬಸ್ಸಿನ ಕಿಟಕಿಯಲ್ಲಿ ಅಳುವ ಗಂಡಸರನ್ನು ನಾನು ನೋಡಿದ್ದೇನೆ. ಅವರು ಇಷ್ಟಪಟ್ಟು ಹೋಗುತ್ತಿಲ್ಲ. ಬೇರೆ ದಾರಿಯಿಲ್ಲದೆ ಹೊರಟವನ ಪ್ರಯಾಣವನ್ನು ಆಯ್ಕೆ ಎಂದು ಕರೆಯುವುದು ಅನ್ಯಾಯ.

ಹಾಗಾದರೆ ಏನು ಬೇಕು? ದೊಡ್ಡ ಮಾತು ಬೇಡ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ನಮ್ಮವೆರಡೂ ಅದರಲ್ಲಿದ್ದವು. ವರದಿ ಬಂದು ಎರಡು ದಶಕಗಳು ದಾಟಿವೆ. ಗುರುತು ಹಿಡಿದದ್ದು ಸಾಕು.

ನೀರಿನ ವಿಷಯ ಮೊದಲು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2,25,515 ಹೆಕ್ಟೇರಿಗೆ ನೀರುಣಿಸುವ ಗುರಿಯಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿದರು. ನಮ್ಮ ಬಹುಪಾಲು ಹೊಲಗಳು ಇಂದಿಗೂ ಮುಗಿಲನ್ನೇ ನೋಡುತ್ತಿವೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ನೀರೆಂದರೆ ನಮಗೆ ಯಾತ್ರೆಯ ವಸ್ತು. ಕಾಲುವೆ ಬರುವಾಗ ಬರಲಿ, ಇರುವ ಕೆರೆಗಳ ಹೂಳನ್ನೂ ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿಯನ್ನೂ ತೆಗೆಯಲು, ಕೆರೆಗೆ ನೀರು ತರುವ ಹಳ್ಳಗಳ ಒತ್ತುವರಿ ಬಿಡಿಸಲು ಯಾವ ಭಗೀರಥನೂ ಬೇಕಾಗಿಲ್ಲ.

ಎರಡನೆಯದು, ಉಳಿದ ಕಾವಲಿನ ಒಂದು ಎಕರೆಯನ್ನೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದು. ಮೂರನೆಯದು, ಶೇಂಗಾ ಖರೀದಿ ಕೇಂದ್ರಗಳು ರೈತ ಸಾಲಕ್ಕೆ ಹೆದರಿ ಮಾರಿಕೊಳ್ಳುವ ಮುನ್ನ ತೆರೆಯಲಿ, ಮಾರಿದ ಮೇಲೆ ಅಲ್ಲ. ನಾಲ್ಕನೆಯದು, ಮಕ್ಕಳು ಕಡಿಮೆಯೆಂಬ ಕಾರಣಕ್ಕೆ ಹಳ್ಳಿಯ ಶಾಲೆಯನ್ನು ಮುಚ್ಚಬೇಡಿ. ಶಾಲೆ ಮುಚ್ಚಿದ ಊರಿನಲ್ಲಿ ಹರೆಯದ ದಂಪತಿಗಳು ನಿಲ್ಲುವುದಿಲ್ಲ. ಐದನೆಯದು, ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಐದಕ್ಕೆ ಬರುವ ಒಂದು ಬಸ್ಸು. ಹೆಣ್ಣುಮಕ್ಕಳ ಭವಿಷ್ಯದ ಬಗ್ಗೆ ನಡೆಯುವ ನೂರು ಭಾಷಣಗಳಿಗಿಂತ ಅದು ಮೇಲು. ಕೊನೆಯದು ಸರ್ಕಾರದ ಕೆಲಸವಲ್ಲ, ನಮ್ಮದು: ಊರ ಹೊರಗಿನ ಆ ಗುಡಿಸಲುಗಳನ್ನು ನಾವೇ ಕೀಳಬೇಕು. ಹೆಣ್ಣುಮಕ್ಕಳಿಗೆ ಮರ್ಯಾದೆಯಿಲ್ಲದ ಊರಿಗೆ ನೀರು ಬಂದರೂ ಭವಿಷ್ಯ ಬರುವುದಿಲ್ಲ.

ನಮ್ಮ ಮನೆಯ ನಡುಮನೆಯ ಗೋಡೆಯಲ್ಲೊಂದು ಮೊಳೆಯಿದೆ. ಅದಕ್ಕೆ ಹನ್ನೊಂದು ಬೀಗದ ಕೈಗೊಂಚಲುಗಳನ್ನು ತೂಗುಹಾಕಿದ್ದೇನೆ. ಊರು ಬಿಟ್ಟವರು ನಂಬಿಕೆಯಿಂದ ಕೊಟ್ಟು ಹೋದವು. ಮಳೆಗಾಲಕ್ಕೆ ಮುನ್ನ ನನ್ನ ಹೆಂಡತಿಯೂ ನಾನೂ ಒಂದೊಂದು ಮನೆಯ ಬಾಗಿಲು ತೆರೆದು, ಕಸ ಗುಡಿಸಿ, ಸೋರುವ ಕಡೆ ನೋಡಿ, ದೇವರ ಗೂಡಿನಲ್ಲಿ ದೀಪ ಹಚ್ಚಿ ಬರುತ್ತೇವೆ. ಗೇಟು ಕಾಯುವ ಆ ಹುಡುಗನ ತಂದೆಯ ಮನೆಯ ಕೈ ಅದರಲ್ಲಿದೆ. ಅದನ್ನು ಹಿಡಿದಾಗಲೆಲ್ಲ ನನಗೆ ನನ್ನ ಆ ಒಂದು ಮಾತು ನೆನಪಾಗುತ್ತದೆ. ಕಲ್ಯಾಣಮಂಟಪದ ಶಿಷ್ಯನ ಮನೆಯ ಕೈಯೂ ಅದರಲ್ಲಿಯೇ ಇದೆ. ಹತ್ತು ವರ್ಷಗಳಿಂದ ಅವನು ಆ ಮನೆಯನ್ನು ಮಾರಿಲ್ಲ. ಕೊಳ್ಳುವವರು ಎರಡು ಬಾರಿ ಬಂದಿದ್ದರು. "ಇರಲಿ ಸಾರ್, ನೋಡೋಣ" ಎಂದು ಅವನೇ ಫೋನಿನಲ್ಲಿ ಹೇಳಿದ್ದ.

ಆದ್ದರಿಂದ, ಪ್ರಿಯ ಶಿಷ್ಯನೇ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಈ ಊರಿನಲ್ಲಿ ಇನ್ನೇನಿದೆಯೆಂದು ನನ್ನನ್ನು ಕೇಳುವ ಮೊದಲು, ನೀನು ಆ ಮನೆಯನ್ನು ಇನ್ನೂ ಏಕೆ ಮಾರಿಲ್ಲವೆಂದು ನಿನ್ನನ್ನೇ ಕೇಳಿಕೋ. ಉತ್ತರ ಸಿಕ್ಕರೆ ನನಗೂ ತಿಳಿಸು. ಕೈ ಮೊಳೆಯ ಮೇಲೆಯೇ ಇದೆ.